ಎರಡೂವರೆ ಸೆಂಟಿಮೀಟರ್ ಜಗಳ

ನಾನೂ ನನ್ನ ಗೆಳೆಯನೂ ಭಾನುವಾರ ಊಟದ ಮೇಜಿನ ಮೇಲೆ ಹಳೇ ಯುದ್ಧಗಳನ್ನು ಆಡುತ್ತೇವೆ. ಪುಟಾಣಿ ಸೈನಿಕರು, ಅವರನ್ನು ಅಂಟಿಸಿದ 4 ಸೆಂಟಿಮೀಟರ್ ಅಗಲದ ಬೇಸುಗಳು, ಡೈಸ್. ನಿಯಮ ನಾವೇ ಬರೆದುಕೊಂಡದ್ದು. ಹಾಗಾಗಿ ಜಗಳವಾದರೆ ಬೈಯಲು ಬೇರೆ ಯಾರೂ ಸಿಗುವುದಿಲ್ಲ.

ಆವತ್ತು ಆಡುತ್ತಿದ್ದದ್ದು ಪ್ರಷ್ಯಾಕ್ಕೂ ಆಸ್ಟ್ರಿಯಾಕ್ಕೂ ನಡೆದ 1757ರ ಲ್ಯೂಥನ್ ಯುದ್ಧ. ನಮ್ಮ ನಿಯಮ ಹೀಗಿತ್ತು: ‘ಕಾಲಾಳು ದಂಡು ಒಂದು ಸರದಿಗೆ 24 ಸೆಂಟಿಮೀಟರ್ ಹೋಗಬಹುದು. ತಿರುಗಿದರೆ ಹೊರಮೂಲೆ ಹೋದ ದೂರ ಅಳೆಯಿರಿ.’ ಬರೆದಾಗ ಸರಿಯಾಗಿಯೇ ಕಂಡಿತ್ತು.

ನಾಲ್ಕು ಬೇಸುಗಳ ನನ್ನ ಸಾಲನ್ನು ಕಾಲು ಸುತ್ತು ತಿರುಗಿಸಿದೆ. ಹೊರಮೂಲೆ ಹೊರಟಲ್ಲಿಂದ ನಿಂತಲ್ಲಿಗೆ ನೇರ ಸ್ಕೇಲ್ ಇಟ್ಟರೆ 22.6 ಸೆಂಟಿಮೀಟರ್. ‘ಆಯ್ತಲ್ಲ’ ಅಂದೆ. ಗೆಳೆಯ ಒಪ್ಪಲಿಲ್ಲ. ‘ಸೈನಿಕ ಸುತ್ತಿಕೊಂಡು ನಡೀತಾನೆ ಕಣೋ, ಅಡ್ಡದಾರಿ ಹಿಡಿಯಲ್ಲ’ ಅಂತ ಹೂ ಕಟ್ಟುವ ದಾರ ತಂದು ಕಮಾನಿನ ಗುಂಟ ಇಟ್ಟ. 25.1. ಸ್ಕೇಲಿನ ಪ್ರಕಾರ ನಾನು 24ರ ಒಳಗಿದ್ದೆ, ದಾರದ ಪ್ರಕಾರ ಇಲ್ಲ.

ಗೆಳೆಯನದೇ ಸರಿ ಅಂತ ಒಪ್ಪಿಕೊಂಡೆ. ಆದರೆ ಅದರಿಂದ ಇನ್ನೊಂದು ತಲೆನೋವು ಹುಟ್ಟಿತು. ಲ್ಯೂಥನ್‌ನಲ್ಲಿ ಪ್ರಷ್ಯಾದ ದೊರೆ ಎರಡನೇ ಫ್ರೆಡರಿಕ್ ತನ್ನ ಸೈನ್ಯವನ್ನು ಚಿಕ್ಕ ಗುಡ್ಡಗಳ ಮರೆಯಲ್ಲಿ ಕಾಲಮ್ಮಾಗಿ (ಒಂದು ತುಕಡಿಯ ಹಿಂದೆ ಇನ್ನೊಂದು) ನಡೆಸಿ, ಆಸ್ಟ್ರಿಯಾದವರ ಎಡ ಪಕ್ಕಕ್ಕೆ ತಂದು, ಚಕ್ಕನೆ ಪಕ್ಕಪಕ್ಕದ ಸಾಲಾಗಿ ತಿರುಗಿಸಿ ಗೆದ್ದ. ನಮ್ಮ ಮೇಜಿನ ಮೇಲೆ ಹತ್ತು ಬೇಸುಗಳ ಕಾಲಮ್ 40 ಸೆಂಟಿಮೀಟರ್ ಉದ್ದ. ಅಷ್ಟನ್ನೂ ಒಟ್ಟಿಗೆ ತಿರುಗಿಸಿದರೆ ಕೊನೆಯ ಮೂಲೆ ಸುಮಾರು 63 ಸೆಂಟಿಮೀಟರ್ ನಡೆಯಬೇಕು. ಅಂದ್ರೆ ಮೂರು ಸರದಿ! ಅಷ್ಟರಲ್ಲಿ ಆಸ್ಟ್ರಿಯಾದವರು ಕಾಫಿ ಕುಡಿದು ಬರಬಹುದು.

ಆಗಿನ ಕವಾಯತು ಹೇಗಿತ್ತು ಅಂತ ಓದಿದ ಮೇಲೆ ತಪ್ಪು ಹೊಳೆಯಿತು. ಕಾಲಮ್ಮಿನಲ್ಲಿ ಪ್ರತಿ ಪ್ಲಟೂನ್ (ಚಿಕ್ಕ ತುಕಡಿ) ತನ್ನ ಅಗಲದಷ್ಟೇ ಅಂತರ ಇಟ್ಟುಕೊಂಡು ಹಿಂದೆ ಬರುತ್ತದೆ. ಆಜ್ಞೆ ಬಿದ್ದೊಡನೆ ಎಲ್ಲವೂ ಬೇರೆಬೇರೆಯಾಗಿ, ಒಂದೇ ಸಲಕ್ಕೆ ತಿರುಗುತ್ತವೆ. ನಮ್ಮ ಬೇಸಿಗೆ ಅದು ಬರೀ 6.3 ಸೆಂಟಿಮೀಟರ್, ಕಾಲಮ್ ಎಷ್ಟೇ ಉದ್ದ ಇರಲಿ. ಗೊಂದಲ ಇದ್ದದ್ದು ಅಳತೆಯಲ್ಲಲ್ಲ, ‘ದಂಡು’ ಅನ್ನೋ ಪದದಲ್ಲಿ: ಅದು ಇಡೀ ಕಾಲಮ್ಮೋ, ಒಂದೊಂದು ಬೇಸೋ ಅಂತ ನಾವು ಹೇಳಿರಲಿಲ್ಲ.

ಹೊಸದಾಗಿ ಬರೆದೆ: ‘ಸಾಲು ಪೂರ್ತಿಯಾಗಿ ತಿರುಗುತ್ತದೆ. ಕಾಲಮ್ಮಿನಲ್ಲಿ ಒಂದೊಂದು ಬೇಸೂ ಬೇರೆಯಾಗಿ ತಿರುಗುತ್ತದೆ. ಒಳಮೂಲೆ ಕದಲಬಾರದು. ಹೊರಮೂಲೆಯ ದಾರಿಯನ್ನು ದಾರದಿಂದ ಅಳೆಯಿರಿ.’ ಆಟವೇ ಗೊತ್ತಿಲ್ಲದ ಅಕ್ಕನ ಮಗನಿಗೆ ಹಾಳೆ ಕೊಟ್ಟು ಬಾಯಿ ಮುಚ್ಚಿಕೊಂಡು ಕೂತೆ. ಅವನು ಬೇಸುಗಳನ್ನು ಒಂದಕ್ಕೊಂದು ಅಂಟಿಸಿಟ್ಟು ತಿರುಗಿಸಿದ. ಎಲ್ಲ ಒಂದರ ಮೇಲೊಂದು ಹತ್ತಿದವು. ಅಂತರದ ಮಾತನ್ನೇ ನಾನು ಬರೆದಿರಲಿಲ್ಲ! ‘ಒಂದರ ಮುಂಭಾಗದಿಂದ ಮುಂದಿನದರ ಮುಂಭಾಗಕ್ಕೆ 4 ಸೆಂಟಿಮೀಟರ್’ ಅಂತ ಸೇರಿಸಿದೆ. ಎರಡನೇ ಸಲ ಸರಿಹೋಯಿತು.

ಒಂದು ಮಾತ್ರ ಉಳಿದಿದೆ. ನಾಲ್ಕು ಬೇಸುಗಳ ಸಾಲು ಎಡಕ್ಕೆ ತಿರುಗುವಾಗ ಬಲಗಡೆಯ ಹಿಂಮೂಲೆ ಒಂದು ಮಿಲಿಮೀಟರಿಗಿಂತ ತುಸು ಜಾಸ್ತಿ ಹೊರಗೆ ಚಾಚುತ್ತದೆ. ಪಕ್ಕದಲ್ಲಿ ನಮ್ಮವರೇ ಇದ್ದರೆ ಸುಮ್ನೆ ಬಿಡುತ್ತೇವೆ. ಶತ್ರು ಇದ್ದರೆ? ಸದ್ಯಕ್ಕೆ ಡೈಸ್ ಹಾಕುತ್ತೇವೆ.