ಗ್ಯಾರೇಜ್ ಬಿಲ್ಲನ್ನು ಸಾಲು ಹಿಡಿದು ಕೇಳುವುದು: ನನ್ನ ಅನುಭವ

“ಬಿಲ್ ಜಾಸ್ತಿ ಆಯ್ತಲ್ರೀ” ಅಂದರೆ ಯಾವ ಗ್ಯಾರೇಜಿನವರೂ ಜಗ್ಗುವುದಿಲ್ಲ. “ಹೋಗ್ಲಿ ಬಿಡಿ ಸರ್, ಐನೂರು ಕಮ್ಮಿ ಕೊಡಿ” ಎನ್ನುವಲ್ಲಿಗೆ ಮಾತು ಮುಗಿದುಹೋಗುತ್ತದೆ. ಅದೇ ಬಿಲ್ಲಿನ ಒಂದು ಸಾಲಿನ ಮೇಲೆ ಬೆರಳಿಟ್ಟು “ಇದು ಯಾಕೆ, ಇಷ್ಟು ಹೇಗೆ” ಎಂದು ಕೇಳಿದರೆ ಉತ್ತರ ಹೇಳಲೇಬೇಕಾಗುತ್ತದೆ. ಕಂಪನಿ ಸರ್ವಿಸ್ ಸೆಂಟರಿಗೂ ಬೀದಿ ಬದಿಯ ಗ್ಯಾರೇಜಿಗೂ ನಾನು ಬಳಸುವ ಕ್ರಮ ಇದೊಂದೇ.

ಕೆಲಸ ಶುರುವಾಗುವುದು ಜಾಬ್ ಕಾರ್ಡಿನಿಂದ, ಅಂದರೆ ಗಾಡಿ ಬಿಡುವಾಗ ಗ್ಯಾರೇಜಿನವರು ಬರೆಯುವ ಕೆಲಸದ ಚೀಟಿಯಿಂದ. ಅದರಲ್ಲಿ ರೋಗಲಕ್ಷಣ ಬರೆಸಬೇಕೇ ಹೊರತು ಮದ್ದನ್ನಲ್ಲ. “ಕ್ಲಚ್ ಬದಲಿಸಿ” ಎಂದು ಬರೆಸಿದರೆ, ಕ್ಲಚ್ ಹಾಕಿದ ಮೇಲೂ ತೊಂದರೆ ಉಳಿದಾಗ “ನೀವು ಹೇಳಿದ್ದನ್ನೇ ಮಾಡಿದ್ದೀವಿ” ಅನ್ನುತ್ತಾರೆ. “ಮೂರನೇ ಗೇರಿನಲ್ಲಿ ದಿಣ್ಣೆ ಹತ್ತುವಾಗ ಆರ್‌ಪಿಎಂ ಏರುತ್ತದೆ, ವೇಗ ಏರುವುದಿಲ್ಲ” ಎಂದು ಬರೆಸಿದರೆ ಕಾರಣ ಹುಡುಕುವ ಹೊಣೆ ಅವರದ್ದು. ಅದೇ ಕಾರ್ಡಿನಲ್ಲಿ ಕಿಲೋಮೀಟರ್, ಎಸ್ಟಿಮೇಟ್ ಮೊತ್ತ, “ಎಸ್ಟಿಮೇಟ್ ಮೀರಿದರೆ ಮೊದಲು ವಾಟ್ಸ್ಯಾಪ್‌ನಲ್ಲಿ ಒಪ್ಪಿಗೆ ಕೇಳಬೇಕು”, “ತೆಗೆದ ಹಳೇ ಪಾರ್ಟ್ ವಾಪಸ್ ಕೊಡಬೇಕು” ಎನ್ನುವ ಎರಡು ಸಾಲು, ಸಹಿ. ಅದರ ಫೋಟೊ ಮೊಬೈಲಿನಲ್ಲಿರಲಿ. ಬೇರೆ ಗಾಡಿಯ ಸವೆದ ಬ್ರೇಕ್ ಪ್ಯಾಡ್ ತಂದು ತೋರಿಸುವುದೂ ಉಂಟು. ಅದಕ್ಕೇ ಕೈಗೆ ಸಿಗುವ ಭಾಗಗಳ ಮೂಲೆಗೆ ನಾನು ಮೊದಲೇ ಪೇಂಟ್ ಪೆನ್ನಿನ ಚುಕ್ಕಿ ಇಟ್ಟಿರುತ್ತೇನೆ.

ಬಿಲ್ಲಿನಲ್ಲಿ ಮೊದಲು ನೋಡುವುದು ತೆರಿಗೆ. ಎಂಆರ್‌ಪಿ ಅಂದರೆ ಎಲ್ಲ ತೆರಿಗೆ ಸೇರಿದ ಬೆಲೆ. ಪೊಟ್ಟಣದ ಮೇಲೆ 1,180 ರೂಪಾಯಿ ಇದ್ದರೆ ಬಿಲ್ಲಿನಲ್ಲಿ 1,000 ರೂಪಾಯಿ ಬೆಲೆ, 180 ರೂಪಾಯಿ ಜಿಎಸ್‌ಟಿ ಬರಬೇಕು. ಕೆಲವರು 1,180ರ ಮೇಲೆ ಮತ್ತೆ ಶೇ 18 ಹಾಕಿ 1,392 ಮಾಡುತ್ತಾರೆ. ವಾದವೇ ಬೇಡ, ಪೊಟ್ಟಣ ತರಿಸಿ ಬಿಲ್ಲಿನ ಪಕ್ಕ ಇಟ್ಟರೆ ಸಾಕು. ಎಂಆರ್‌ಪಿ ಮೀರಿ ಮಾರುವುದು ಕಾನೂನು ಮಾಪನಶಾಸ್ತ್ರ ಇಲಾಖೆಗೆ ದೂರು ಕೊಡಬಹುದಾದ ತಪ್ಪು. ಇನ್ನೊಂದು, ಶೇ 28 ಇದ್ದ ಬಿಡಿಭಾಗಗಳ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 18ಕ್ಕೆ ಇಳಿದಿದೆ. ಹಳೇ ದರವೇ ಇದ್ದರೆ ಅಲ್ಲೇ ಹಿಡಿಯಿರಿ. ಜಿಎಸ್‌ಟಿ ನಂಬರ್ 15 ಅಕ್ಷರದ್ದು, ಕರ್ನಾಟಕದ್ದಾದರೆ 29ರಿಂದ ಶುರು. ಜಿಎಸ್‌ಟಿ ಪೋರ್ಟಲ್‌ನಲ್ಲಿ ಹಾಕಿ ನೋಡಿದಾಗ ಕಾಂಪೊಸಿಷನ್ (ಸಣ್ಣ ವ್ಯಾಪಾರಿಗಳ ಸರಳ ತೆರಿಗೆ ಯೋಜನೆ) ಎಂದು ಬಂದರೆ, ಅವರು ಗ್ರಾಹಕರಿಂದ ಜಿಎಸ್‌ಟಿ ಕೇಳುವಂತೆಯೇ ಇಲ್ಲ. ಬೆಂಗಳೂರಿನವರಾದರೆ ಪಾರ್ಟ್ ನಂಬರ್ ಹಿಡಿದು ಜೆ.ಸಿ. ರಸ್ತೆಯ ಒಂದೆರಡು ಬಿಡಿಭಾಗದ ಅಂಗಡಿಯಲ್ಲಿ ದರ ಕೇಳಿ ನೋಡಬಹುದು.

ಆಮೇಲೆ ಪ್ರಮಾಣ. ಓನರ್ಸ್ ಮ್ಯಾನುಯಲ್‌ನಲ್ಲಿ ಎಂಜಿನ್ ಆಯಿಲ್ ಎಷ್ಟು ಹಿಡಿಯುತ್ತದೆ ಎಂದು ಇರುತ್ತದೆ. ಮ್ಯಾನುಯಲ್ 3.1 ಲೀಟರ್ ಅಂದು ಬಿಲ್ 4 ಅಂದರೆ ಮಿಕ್ಕ ಡಬ್ಬಿ ಕೇಳಿ ಪಡೆಯಬೇಕು. ಎಸಿ ಗ್ಯಾಸ್ ಎಷ್ಟು ಗ್ರಾಂ ಎಂಬುದು ಬಾನೆಟ್ ಒಳಗಿನ ಸ್ಟಿಕರಿನಲ್ಲೇ ಇರುತ್ತದೆ. ಬಿಲ್ಲಿನಲ್ಲಿ ಬರೀ “ಗ್ಯಾಸ್ ಟಾಪ್‌ಅಪ್” ಎಂದಿದ್ದರೆ ತೂಕ ಬರೆಸಿ. ಎಸಿ ಗ್ಯಾಸ್ ಪೆಟ್ರೋಲಿನ ಹಾಗೆ ಖರ್ಚಾಗುವ ವಸ್ತುವಲ್ಲ. ತಿಂಗಳೊಪ್ಪತ್ತಿನಲ್ಲಿ ಖಾಲಿಯಾಯಿತು ಅಂದರೆ ಲೀಕ್ ಹುಡುಕದೆ ತುಂಬಿಸಿದ್ದಾರೆ ಎಂದೇ ಅರ್ಥ. ಎಂಜಿನ್ ಫ್ಲಶ್, ಇಂಜೆಕ್ಟರ್ ಕ್ಲೀನಿಂಗ್, ಕೋಟಿಂಗ್ ಇತ್ಯಾದಿ ಸರ್ವಿಸ್ ವೇಳಾಪಟ್ಟಿಯಲ್ಲಿ ಇಲ್ಲದಿದ್ದರೆ, ಒಪ್ಪಿಗೆಯೂ ಕೊಟ್ಟಿಲ್ಲದಿದ್ದರೆ, ಆ ಸಾಲು ಹೊಡೆದುಹಾಕಿಸುತ್ತೇನೆ.

ಕೆಟ್ಟ ಕೆಲಸದ ತಕರಾರಿನಲ್ಲಿ ಕ್ಲಚ್ಚಿನಷ್ಟು ಎಳೆದಾಡಿಸುವುದು ಬೇರೆ ಇಲ್ಲ, ಏಕೆಂದರೆ ಮತ್ತೆ ಗೇರ್‌ಬಾಕ್ಸ್ ಇಳಿಸಬೇಕು, ದುಡ್ಡೆಲ್ಲ ಲೇಬರಿನಲ್ಲೇ ಹೋಗುತ್ತದೆ. ಹಳೇ ಕ್ಲಚ್ ಪ್ಲೇಟ್ ಕೈಗೆ ತೆಗೆದುಕೊಂಡು ರಿವೆಟ್ ನೋಡಿ. ರಿವೆಟ್ ತಲೆ ಲೈನಿಂಗಿನ (ಪ್ಲೇಟಿನ ಮೇಲಿನ ಸವೆಯುವ ಪದರದ) ಮಟ್ಟಕ್ಕೆ ಬಂದಿದ್ದರೆ ಬದಲಿಸಿದ್ದು ಸರಿ. ಇನ್ನೂ ಚೆನ್ನಾಗಿ ಒಳಗಿದ್ದು, ಲೈನಿಂಗ್ ಎಣ್ಣೆ ಕುಡಿದು ಕಪ್ಪಗಿದ್ದರೆ ರೋಗ ಸವೆತವಲ್ಲ, ಎಂಜಿನ್ ಹಿಂದಿನ ಆಯಿಲ್ ಸೀಲೋ ಗೇರ್‌ಬಾಕ್ಸ್ ಇನ್‌ಪುಟ್ ಶಾಫ್ಟ್ ಸೀಲೋ ಸೋರುತ್ತಿದೆ. ಸೀಲ್ ಬಿಟ್ಟು ಪ್ಲೇಟ್ ಮಾತ್ರ ಹಾಕಿದರೆ ಹೊಸದಕ್ಕೂ ಎಣ್ಣೆ ಹತ್ತುತ್ತದೆ, ಒಂದನೇ ಗೇರಿನಲ್ಲಿ ಗಾಡಿ ಎತ್ತುವಾಗ ಗಡಗಡ ನಡುಗುತ್ತದೆ. ಫ್ಲೈವೀಲಿನ (ಕ್ಲಚ್ ಪ್ಲೇಟ್ ಒತ್ತಿ ಕೂರುವ ಎಂಜಿನ್ ಚಕ್ರದ) ಮೇಲಿನ ನೀಲಿ ಸುಟ್ಟ ಕಲೆಗಳನ್ನು ಹಾಗೇ ಬಿಟ್ಟರೂ ಇದೇ ನಡುಕ. ಪೆಡಲ್ ಒತ್ತಿದಾಗ ಮಾತ್ರ ಕಿರ್ ಅಂದರೆ ರಿಲೀಸ್ ಬೇರಿಂಗ್ (ಪೆಡಲ್ ಒತ್ತಿದಾಗ ಕ್ಲಚ್ ಬಿಡಿಸುವ ಬೇರಿಂಗ್) ಹಳೆಯದನ್ನೇ ಬಿಟ್ಟಿರುವ ಅನುಮಾನ. ಬಿಲ್ಲಿನಲ್ಲಿ ಅದರ ಹೆಸರಿದೆಯೇ ನೋಡಿ. ಇಂಥ ಕಡೆ ನಾನು ಕೇಳುವುದು: ಸೀಲಿನ ಬೆಲೆ ನನ್ನದು, ಎರಡನೇ ಸಲದ ಲೇಬರ್ ಮತ್ತು ಎಣ್ಣೆ ಹತ್ತಿದ ಪ್ಲೇಟ್ ನಿಮ್ಮದು. ಸೀಲ್ ಹೇಗೂ ನಾವೇ ಕೊಳ್ಳಬೇಕಾಗಿದ್ದದ್ದು, ಅದನ್ನೂ ಪುಕ್ಕಟೆ ಕೇಳಿದರೆ ಮಾತು ಮುರಿದುಬೀಳುತ್ತದೆ.

ದುಡ್ಡು ಕೊಡದೆ ಗಾಡಿ ಎಳೆದುಕೊಂಡು ಬರುವ ಯೋಚನೆ ಬೇಡ. ಮಾಡಿದ ಕೆಲಸದ ಹಣ ಬರುವವರೆಗೆ ಗಾಡಿ ಇಟ್ಟುಕೊಳ್ಳುವ ಹಕ್ಕನ್ನು ಕರಾರು ಕಾಯ್ದೆಯ 170ನೇ ಕಲಮು ಅವರಿಗೆ ಕೊಟ್ಟಿದೆ. ಯುಪಿಐ ಅಥವಾ ಕಾರ್ಡಿನಲ್ಲಿ ಕಟ್ಟಿ, ಬಿಲ್ಲಿನ ಎರಡೂ ಪ್ರತಿಯ ಮೇಲೆ “ಆಕ್ಷೇಪಣೆಯೊಂದಿಗೆ ಪಾವತಿಸಿದ್ದೇನೆ” ಎಂದು ಬರೆದು, ಯಾವ ಸಾಲುಗಳೆಂದು ಗುರುತು ಹಾಕಿ ಸಹಿ ಮಾಡಿ. ಬಿಲ್ಲೇ ಕೊಡುವುದಿಲ್ಲ ಅಂದರೆ ಅದೇ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ಅನುಚಿತ ವ್ಯಾಪಾರ ಪದ್ಧತಿ.

ಬೇರೆ ಗ್ಯಾರೇಜಿನಲ್ಲಿ ಬಿಚ್ಚಿಸುವ ಮೊದಲು ಹಳೇ ಗ್ಯಾರೇಜಿಗೆ ದಿನ, ಜಾಗ ತಿಳಿಸಿ “ಬಂದು ನೋಡಿ” ಎಂದು ಮೆಸೇಜ್ ಹಾಕಿ. ಇಲ್ಲದಿದ್ದರೆ “ಅವರೇ ಕೆಡಿಸಿದ್ದು” ಎನ್ನುವ ಮಾತು ಖಂಡಿತ ಬರುತ್ತದೆ. ಬಿಚ್ಚುವುದನ್ನು ಓಡೋಮೀಟರಿನಿಂದ ಶುರು ಮಾಡಿ ವಿಡಿಯೊ ಮಾಡಿ, ಕಂಡದ್ದನ್ನು ಹೊಸ ಗ್ಯಾರೇಜಿನ ಲೆಟರ್‌ಹೆಡ್ಡಿನಲ್ಲಿ ಬರೆಸಿಕೊಳ್ಳಿ.

ಆಮೇಲೆ 15 ದಿನದ ಗಡುವಿನ ಪತ್ರ ಸ್ಪೀಡ್ ಪೋಸ್ಟಿನಲ್ಲಿ, ಜೊತೆಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು. ಎಷ್ಟೋ ಸಲ ಗ್ಯಾರೇಜಿನವರು ಮಾತಿಗೆ ಬರುವುದು ಈ ಹಂತದಲ್ಲೇ. ಬಗ್ಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ: ನೀವು ವಾಸವಿರುವ ಜಿಲ್ಲೆಯಲ್ಲೇ ಹಾಕಬಹುದು, ಕಟ್ಟಿದ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ, ಗಡುವು ಎರಡು ವರ್ಷ. ಕೋರಿಕೆಯಲ್ಲಿ ಹೆಚ್ಚು ವಸೂಲಿ ಮಾಡಿದ್ದು, ಮತ್ತೆ ಸರಿಪಡಿಸಿದ ಖರ್ಚು, ಟೋಯಿಂಗ್, ದೂರಿನ ವೆಚ್ಚ ಬೇರೆ ಬೇರೆ ಅಂಕಿಯಾಗಿ ಇರಲಿ. ಸ್ವಂತ ಟ್ಯಾಕ್ಸಿ ಓಡಿಸಿ ಬದುಕುವವರು “ಸ್ವಯಂ ಉದ್ಯೋಗದಿಂದ ಜೀವನೋಪಾಯಕ್ಕಾಗಿ” ಎಂಬ ಮಾತನ್ನು ದೂರಿನಲ್ಲಿ ಬರೆಯಲೇಬೇಕು. ಇಲ್ಲದಿದ್ದರೆ ವಾಣಿಜ್ಯ ಉದ್ದೇಶದ ಗಾಡಿ ಎಂದು ಎದುರು ಪಕ್ಷದವರು ಮೊದಲ ತಕರಾರನ್ನೇ ಅಲ್ಲಿ ಎತ್ತುತ್ತಾರೆ.