ಕೋವಿ ನೋಡಬೇಡ, ಬಿಲ್ಲೆ ನೋಡು

ನಾನು ಮಡಿಕೇರಿಯವಳು. ಈಗ ಇರುವುದು ಇಂಗ್ಲೆಂಡಿನ ಸರ್ರೆಯಲ್ಲಿ, ವೋಕಿಂಗ್ ಅನ್ನುವ ಊರಿನಲ್ಲಿ. ಶೂಟಿಂಗ್ ರೇಂಜ್ ಇರುವ ಬಿಸ್ಲಿ ಇಲ್ಲಿಗೆ ಹತ್ತಿರ. ಶೂಟಿಂಗ್ ಬಗ್ಗೆ ಆಸಕ್ತಿ ಇರುವವರಿಗೆ ಈ ಹೆಸರು ಗೊತ್ತಿರುತ್ತದೆ. 2002ರ ಮ್ಯಾಂಚೆಸ್ಟರ್ ಕಾಮನ್‌ವೆಲ್ತ್ ಕ್ರೀಡಾಕೂಟದ ಶೂಟಿಂಗ್ ನಡೆದದ್ದು ಇಲ್ಲೇ. ಡಬಲ್ ಟ್ರ್ಯಾಪ್‌ನಲ್ಲಿ ರಾಜ್ಯವರ್ಧನ್ ಸಿಂಗ್ ರಾಥೋಡ್ ಚಿನ್ನ ಗೆದ್ದದ್ದೂ ಇಲ್ಲೇ. ಎರಡು ವರ್ಷ ಬಿಟ್ಟು ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಅವರಿಗೆ ಅದೇ ಸ್ಪರ್ಧೆಯಲ್ಲಿ ಬೆಳ್ಳಿ ಬಂತು. ಗುರಿಯಾಗಿ ಯಂತ್ರ ಎಸೆಯುವ ಎರಡು ದುಂಡನೆಯ ಬಿಲ್ಲೆ ಒಟ್ಟಿಗೆ ಹಾರುವುದು, ನೋಡುನೋಡುತ್ತಲೇ ಎರಡೂ ಪುಡಿಯಾಗುವುದು. ಟೀವಿಯಲ್ಲಿ ಅದನ್ನು ನೋಡಿದಾಗಿನಿಂದ ನಾನೂ ಒಮ್ಮೆ ಹೊಡೆಯಬೇಕು ಅನ್ನುವ ಆಸೆ ಮನಸ್ಸಿನಲ್ಲಿತ್ತು. ಈ ವರ್ಷ ಬಿಸ್ಲಿಯಲ್ಲಿ ಹೊಸಬರ ಪಾಠಕ್ಕೆ ಹೆಸರು ಕೊಟ್ಟೆ.

ಎಲ್ಲರೂ ಮೊದಲು ಕೇಳುವುದು ಲೈಸೆನ್ಸ್ ವಿಷಯ. ಇಲ್ಲಿ ಸ್ವಂತ ಶಾಟ್‌ಗನ್, ಅಂದರೆ ಸಣ್ಣ ಸಣ್ಣ ಚರೆಗುಂಡು ಹಾರಿಸುವ ಕೋವಿ, ಇಟ್ಟುಕೊಳ್ಳಬೇಕಾದರೆ ಪೊಲೀಸರಿಂದ ಸರ್ಟಿಫಿಕೇಟ್ ಬೇಕೇ ಬೇಕು. ಆದರೆ 1968ರ ಬಂದೂಕು ಕಾಯ್ದೆಯಲ್ಲಿ 11(6) ಅಂತ ಒಂದು ಸೆಕ್ಷನ್ ಇದೆ. ಪೊಲೀಸ್ ಮುಖ್ಯಾಧಿಕಾರಿ ಒಪ್ಪಿಗೆ ಕೊಟ್ಟ ಜಾಗದಲ್ಲಿ, ಒಪ್ಪಿಗೆ ಕೊಟ್ಟ ಸಮಯದಲ್ಲಿ, ಕೃತಕ ಗುರಿಗೆ ಮಾತ್ರ ಹೊಡೆಯುವುದಾದರೆ ಸರ್ಟಿಫಿಕೇಟ್ ಇಲ್ಲದವರೂ ಹೊಡೆಯಬಹುದು. ಹೊಸಬರು ಕಲಿಯುವುದಕ್ಕೆ ದಾರಿ ಮಾಡಿಕೊಟ್ಟಿರುವುದೇ ಈ ಸೆಕ್ಷನ್. ಜೈಲು ಶಿಕ್ಷೆ ಆದವರಿಗೆ ಬಂದೂಕು ಮುಟ್ಟಲು ನಿರ್ಬಂಧ ಇದೆ. ಅಂಥ ನಿರ್ಬಂಧ ನಮ್ಮ ಮೇಲಿಲ್ಲ ಅಂತ ಬರೆದು ಸಹಿ ಹಾಕಬೇಕು. ಗುರುತಿನ ಚೀಟಿ ಜೊತೆಯಲ್ಲಿರಲಿ.

ಕೊಡಗಿನಲ್ಲಿ ಬೆಳೆದವರಿಗೆ ಕೋವಿ ಹೊಸದೇನಲ್ಲ. ಸೆಪ್ಟೆಂಬರಿನಲ್ಲಿ ಕೈಲ್ ಮುಹೂರ್ತದ ದಿನ ಕೊಡವರ ಮನೆಗಳಲ್ಲಿ ಕೋವಿಗೆ ತೋಕ್ ಪೂ ಅನ್ನುವ ಹೂ ಇಟ್ಟು ಪೂಜೆ ಮಾಡುತ್ತಾರೆ. ಆಮೇಲೆ ಊರ ಮೈದಾನದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. ನಮ್ಮ ಊರಿನ ಸ್ಪರ್ಧೆಯಲ್ಲಿ ನಾನೂ ಕಾಯಿಗೆ ಗುರಿ ಇಟ್ಟವಳೇ. ಅಲ್ಲಿ ಕಾಯಿ ಅಲ್ಲಾಡುವುದಿಲ್ಲ. ಉಸಿರು ಹಿಡಿದು, ಒಂದು ಕಣ್ಣು ಮುಚ್ಚಿ, ನಳಿಗೆಯ ತುದಿಯನ್ನು ಕಾಯಿಗೆ ಸರಿಯಾಗಿ ಕೂಡಿಸಿ, ನಿಧಾನಕ್ಕೆ ಕುದುರೆ (ಟ್ರಿಗರ್) ಎಳೆಯುವುದು. ಹಾರುವ ಬಿಲ್ಲೆಯ ಆಟ ಇದಕ್ಕೆ ಪೂರ್ತಿ ತಿರುಗುಮುರುಗು. ಎರಡೂ ಕಣ್ಣು ತೆರೆದಿರಬೇಕು. ಕೋವಿ ಬಿಲ್ಲೆಯ ಜೊತೆ ಬೀಸುತ್ತಲೇ ಇರಬೇಕು. ನಳಿಗೆಯ ತುದಿ ನೋಡಲೇಬಾರದು. ಬಿಸ್ಲಿಯಲ್ಲಿ ಆ ದಿನ ನನ್ನ ಕಲಿಕೆಯೆಲ್ಲ ಈ ಒಂದು ವಿಷಯದ ಸುತ್ತಲೇ ನಡೆಯಿತು.

ಮೊದಲು ಬಿಲ್ಲೆಯ ಬಗ್ಗೆ ಹೇಳುತ್ತೇನೆ. ಅಡ್ಡಳತೆ 110 ಮಿಲಿಮೀಟರ್, ತೂಕ ಸುಮಾರು 105 ಗ್ರಾಂ. ಸುಣ್ಣಕಲ್ಲಿನ ಪುಡಿಗೆ ಡಾಂಬರಿನಂಥ ಅಂಟು ಸೇರಿಸಿ ಅಚ್ಚಿನಲ್ಲಿ ಒತ್ತಿ ಮಾಡುತ್ತಾರೆ. ಯಂತ್ರದ ತೋಳು ಬೀಸಿ ಎಸೆದರೂ ಒಡೆಯುವುದಿಲ್ಲ. ಆದರೆ ಒಂದೆರಡು ಚರೆ ತಾಗಿದರೆ ಸಾಕು, ಚೂರಾಗುತ್ತದೆ. ಸುಟ್ಟ ಮಣ್ಣಿನ ಬಿಲ್ಲೆಯನ್ನು 1880ರಲ್ಲಿ ತಂದವರು ಅಮೆರಿಕದ ಸಿನ್ಸಿನಾಟಿಯ ಜಾರ್ಜ್ ಲಿಗೋವ್ಸ್ಕಿ. ಅದಕ್ಕೂ ಮುಂಚೆ ಗಾಜಿನ ಉಂಡೆ ಎಸೆಯುತ್ತಿದ್ದರು. ಅದಕ್ಕೂ ಮುಂಚೆ ಪೆಟ್ಟಿಗೆಯಲ್ಲಿ ಜೀವಂತ ಪಾರಿವಾಳ ಇಟ್ಟು, ಹಗ್ಗ ಎಳೆದು ಹಾರಿಬಿಟ್ಟು ಹೊಡೆಯುತ್ತಿದ್ದರು. ಬ್ರಿಟನ್ 1921ರಲ್ಲಿ ಕಾನೂನು ಮಾಡಿ ಅದನ್ನು ನಿಲ್ಲಿಸಿತು. ತುಂಬಾ ಒಳ್ಳೆಯ ಕೆಲಸ ಆಯಿತು ಅಂತಲೇ ನನ್ನ ಅಭಿಪ್ರಾಯ. ಹಕ್ಕಿ ಸಾಯುವ ಆಟ ಆಗಿದ್ದರೆ ನಾನು ಅತ್ತ ತಲೆ ಹಾಕುತ್ತಿರಲಿಲ್ಲ.

ಪಾಠ ಶುರುವಾಗುವುದು ಸುರಕ್ಷತೆಯಿಂದ. ನನ್ನ ಕೋಚ್ ಕೋವಿ ಕೈಗೆ ಕೊಡುವ ಮುಂಚೆ ಅದನ್ನು ಮಡಚಿ ತೋರಿಸಿದರು. ಒಂದರ ಮೇಲೊಂದು ಎರಡು ನಳಿಗೆ ಇರುವ 12 ಬೋರ್ ಕೋವಿ ಅದು. ಬೋರ್ ಅಂದರೆ ನಳಿಗೆಯ ಒಳ ಅಗಲದ ಅಳತೆ. ನಡುವೆ ಕೀಲು. ಮಡಚಿದಾಗ ಎರಡೂ ನಳಿಗೆ ಖಾಲಿ ಇರುವುದು ಸುತ್ತಲಿನ ಎಲ್ಲರಿಗೂ ಕಾಣುತ್ತದೆ. ಹೊಡೆಯುವ ಕಟಕಟೆಯ ಹೊರಗೆ ಕೋವಿ ಯಾವಾಗಲೂ ಮಡಚಿಯೇ ಇರಬೇಕು. ಕಟಕಟೆಗೆ ಹೋಗಿ, ನಳಿಗೆಯನ್ನು ಮೈದಾನದ ಕಡೆ ತಿರುಗಿಸಿದ ಮೇಲೆಯೇ ತೋಟಾ ತುಂಬಬೇಕು. ಕುದುರೆ ಎಳೆದರೂ ತೋಟಾ ಸಿಡಿಯದಿದ್ದರೆ? ಕೋವಿಯನ್ನು ಹಾಗೇ ಮೈದಾನದ ಕಡೆಗೇ ಹಿಡಿದು ಸುಮ್ನೆ ನಿಂತು, ಕೋಚ್ ಹೇಳುವವರೆಗೆ ಕಾಯಬೇಕು. ಇನ್ನೊಂದು ವಿಷಯ ನನಗೆ ತುಂಬಾ ಹಿಡಿಸಿತು. 20 ಬೋರಿನ ತೋಟಾ 12 ಬೋರಿನದಕ್ಕಿಂತ ಸಣ್ಣದು, ಅದಕ್ಕೆ ಹಳದಿ ಬಣ್ಣ ಹಾಕುತ್ತಾರೆ. ಅದು ತಪ್ಪಿ 12 ಬೋರಿನ ಕೋವಿಗೆ ಬಿದ್ದರೆ ಜಾರಿ ನಳಿಗೆಯೊಳಗೆ ಸಿಕ್ಕಿಕೊಳ್ಳುತ್ತದೆ. ಹಿಂದೆ ಜಾಗ ಖಾಲಿ ಕಾಣುತ್ತದೆ ಅಂತ ಇನ್ನೊಂದು ತೋಟಾ ಹಾಕಿ ಹೊಡೆದರೆ ನಳಿಗೆಯೇ ಸಿಡಿಯಬಹುದು. ಹಾಗಾಗಿ ಎರಡು ಬಗೆಯ ತೋಟಾ ಒಂದೇ ಜೇಬಿನಲ್ಲಿ ಇಡುವುದಿಲ್ಲ. ಕಿವಿಗೆ ರಕ್ಷಣೆ, ಕಣ್ಣಿಗೆ ಕನ್ನಡಕ, ತಲೆಗೆ ಮುಂದೆ ಅಂಚಿರುವ ಟೋಪಿ. ಒಡೆದ ಚೂರುಗಳು ಗಾಳಿಗೆ ಹಿಂದಕ್ಕೆ ಬರುವುದುಂಟು.

ಆಮೇಲೆ ಕೋಚ್ ನೋಡಿದ್ದು ನನ್ನ ಕಣ್ಣನ್ನು. ನಮ್ಮ ಎರಡು ಕಣ್ಣುಗಳಲ್ಲಿ ಒಂದು ಯಜಮಾನ ಇರುತ್ತದೆ. ಎರಡೂ ಕಣ್ಣು ತೆರೆದು ದೂರದ ಒಂದು ಕಂಬಕ್ಕೆ ಬೆರಳು ತೋರಿಸಿ. ಈಗ ಒಂದೊಂದೇ ಕಣ್ಣು ಮುಚ್ಚಿ. ಯಾವ ಕಣ್ಣು ತೆರೆದಾಗ ಬೆರಳು ಕಂಬದ ಮೇಲೇ ಉಳಿಯುತ್ತದೋ ಅದೇ ಯಜಮಾನ ಕಣ್ಣು. ಮನೆಯಲ್ಲೇ ಮಾಡಿ ನೋಡಬಹುದು. ನನ್ನದು ಎಡಗಣ್ಣು ಅಂತ ಗೊತ್ತಾಯಿತು. ಆದರೆ ನಾನು ಕೋವಿ ಹಿಡಿಯುವುದು ಬಲ ಹೆಗಲಿಗೆ. ಕೋವಿ ಬಲಗಣ್ಣಿನ ಕೆಳಗೆ, ದಾರಿ ತೋರಿಸುವುದು ಎಡಗಣ್ಣು. ಹೀಗಿದ್ದರೆ ಎಷ್ಟು ಚೆನ್ನಾಗಿ ಬೀಸಿದರೂ ಚರೆ ಬಿಲ್ಲೆಯ ಪಕ್ಕಕ್ಕೇ ಹೋಗುತ್ತದೆ. ಇದಕ್ಕೆ ಎರಡು ದಾರಿ. ಎಡ ಹೆಗಲಿನಿಂದ ಹೊಡೆಯಲು ಕಲಿಯುವುದು ಒಂದು. ಕನ್ನಡಕದ ಎಡಗಾಜಿನ ಮೇಲೆ, ನಳಿಗೆ ಕಾಣುವ ಜಾಗದಲ್ಲಿ ಮಾತ್ರ, ಮಸುಕಾದ ಟೇಪಿನ ಸಣ್ಣ ತುಂಡು ಅಂಟಿಸುವುದು ಇನ್ನೊಂದು. ಅವರು ಟೇಪ್ ಅಂಟಿಸಿದರು. ಬೆಳಕು, ಅಂತರ ಎಲ್ಲ ಎರಡೂ ಕಣ್ಣಿಗೆ ಗೊತ್ತಾಗುತ್ತದೆ, ಆದರೆ ನಳಿಗೆಯ ಗೆರೆ ಬಲಗಣ್ಣಿಗೆ ಮಾತ್ರ ಕಾಣುತ್ತದೆ. ಮೊದಲ ದಿನ ಬಿಲ್ಲೆ ತಾಗದೆ ಬೇಜಾರು ಮಾಡಿಕೊಂಡವರು ಈ ಪರೀಕ್ಷೆ ಮಾಡಿಸಿದ್ದಾರಾ ಅಂತ ಕೇಳಿಕೊಳ್ಳಲಿ. ಪಾಠ ಹೇಳುವವರು ಇದನ್ನು ಮಾಡದೆ ನೇರ ಹೊಡೆಸಲು ಶುರು ಮಾಡಿದರೆ ನೀವೇ ಬಾಯಿಬಿಟ್ಟು ಕೇಳಿ.

ನಿಲ್ಲುವ ರೀತಿ ಸರಳ. ಎಡಗಾಲು ಸ್ವಲ್ಪ ಮುಂದೆ, ಭಾರ ಜಾಸ್ತಿ ಅದರ ಮೇಲೆ. ಬಿಲ್ಲೆ ಹುಟ್ಟುವ ಜಾಗಕ್ಕಲ್ಲ, ಅದನ್ನು ಎಲ್ಲಿ ಒಡೆಯಬೇಕು ಅಂದುಕೊಂಡಿದ್ದೇವೋ ಆ ಜಾಗಕ್ಕೆ ಮುಖ ಮಾಡಿ ನಿಲ್ಲಬೇಕು. ಹಾಗೆ ನಿಂತು ಸೊಂಟ ತಿರುಗಿಸಿ ಹಿಂದಕ್ಕೆ ಬರಬೇಕು. ಆಗ ಹೊಡೆಯುವ ಹೊತ್ತಿಗೆ ಮೈ ಸಡಿಲವಾಗಿರುತ್ತದೆ. ಉಲ್ಟಾ ನಿಂತರೆ ಕೊನೆಯಲ್ಲಿ ಸೊಂಟ ಬಿಗಿಯಾಗಿ ಕೋವಿ ತಾನಾಗಿಯೇ ನಿಂತುಬಿಡುತ್ತದೆ. ಕೋವಿಯ ಹಿಂಬದಿ ಹೆಗಲಿನ ಗುಳಿಯಲ್ಲಿ ಬಿಗಿಯಾಗಿ ಕೂರಬೇಕು. ಕೆನ್ನೆ ಕೋವಿಯ ಹಿಂಬದಿಯ ಮರದ ಭಾಗಕ್ಕೆ ಅಂಟಿರಬೇಕು. ಶಾಟ್‌ಗನ್ನಿನಲ್ಲಿ ಹಿಂದಿನ ಗುರಿಕಟ್ಟು ಇಲ್ಲ, ಆ ಕೆಲಸ ಮಾಡುವುದು ನಮ್ಮ ಕಣ್ಣೇ. ಕೆನ್ನೆ ಒಂದು ಬೆರಳಿನಷ್ಟು ಮೇಲೆದ್ದರೂ ಚರೆ ಬಿಲ್ಲೆಯ ಮೇಲಿಂದ ಹೋಗುತ್ತದೆ.

ಹೊಡೆದಾಗ ಕೋವಿ ಹೆಗಲಿಗೆ ಕೊಡುವ ಒದೆತದ ಬಗ್ಗೆ ತುಂಬಾ ಜನಕ್ಕೆ ಭಯ. ಅದರಲ್ಲೂ ಹೆಣ್ಣುಮಕ್ಕಳಿಗೆ ಸುಮ್ನೆ ಹೆದರಿಸುವವರು ಜಾಸ್ತಿ. ನಿಜ ಏನೆಂದರೆ, ಹೊಸಬರಿಗೆ 21 ಗ್ರಾಂ ಚರೆಯ ಹಗುರ ತೋಟಾ ಸಿಗುತ್ತದೆ. ಒಲಿಂಪಿಕ್ಸ್‌ನಲ್ಲಿ ಬಳಸುವುದು 24 ಗ್ರಾಂ, ಇಲ್ಲಿನ ಕ್ಲಬ್ಬುಗಳಲ್ಲಿ 28 ಗ್ರಾಂವರೆಗೆ. ಮೂರು ಕಿಲೋಗಿಂತ ಭಾರದ 12 ಬೋರ್ ಕೋವಿಯಲ್ಲಿ 21 ಗ್ರಾಂ ತೋಟಾ ಹೊಡೆದರೆ ಹೆಗಲಿಗೆ ಒಂದು ತಳ್ಳು ಅಷ್ಟೇ. ಹಗುರ ಕೋವಿ ಕೊಡಿ ಅಂತ ಕೇಳುವುದು ಜಾಣತನ ಅಲ್ಲ. ಭಾರದ ಕೋವಿಯೇ ಒದೆತವನ್ನು ನುಂಗುತ್ತದೆ.

ಇನ್ನು ಹೊಡೆಯುವ ಕೆಲಸ. "ಪುಲ್" ಅಂತ ಕೂಗಿದೆ. ಕೋಚ್ ಕೈಯಲ್ಲಿದ್ದ ಗುಂಡಿ ಒತ್ತಿದರು. ಎಡಗಡೆಯಿಂದ ಬಲಗಡೆಗೆ ಬಿಲ್ಲೆ ಹಾರಿತು. ತೆಂಗಿನಕಾಯಿಯ ಅಭ್ಯಾಸ ಕೈಯಲ್ಲಿತ್ತು. ನಳಿಗೆಯ ತುದಿಯ ಮಣಿ ನೋಡಿದೆ, ಬಿಲ್ಲೆಗೆ ಕೂಡಿಸಿದೆ, ಎಳೆದೆ. ಬಿಲ್ಲೆ ಹಾಗೇ ಹಾರಿ ಹುಲ್ಲಿಗೆ ಬಿತ್ತು. "ಬಿಲ್ಲೆಯ ಹಿಂದೆ ಹೋಯಿತು" ಅಂದರು ಕೋಚ್.

ಯಾಕೆ ಹಿಂದೆ ಅನ್ನುವುದನ್ನು ಅವರು ಲೆಕ್ಕ ಹಾಕಿ ತೋರಿಸಿದರು. ಚರೆ ನಳಿಗೆ ಬಿಡುವಾಗ ಸೆಕೆಂಡಿಗೆ ಸುಮಾರು 400 ಮೀಟರ್ ವೇಗ, ಆಮೇಲೆ ಬೇಗ ಇಳಿಯುತ್ತದೆ. 25 ಮೀಟರ್ ದೂರ ಮುಟ್ಟಲು ಸೆಕೆಂಡಿನ ನೂರರಲ್ಲಿ ಏಳು ಭಾಗದಷ್ಟು ಹೊತ್ತು ಬೇಕು. ಬಿಲ್ಲೆ ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ಅಡ್ಡಕ್ಕೆ ಹೋಗುತ್ತಿದ್ದರೆ ಅಷ್ಟರಲ್ಲಿ ಅದು ಸುಮಾರು 1.4 ಮೀಟರ್ ಮುಂದೆ ಹೋಗಿರುತ್ತದೆ. ಒಂದು ತೋಟಾದಲ್ಲಿ 250ಕ್ಕಿಂತ ಹೆಚ್ಚು ಚರೆ ಇರುತ್ತವೆ. ಅವು ಮುಕ್ಕಾಲು ಮೀಟರ್ ಅಗಲಕ್ಕೆ ಹರಡುತ್ತವೆ, ನಿಜ. ಆದರೂ ಬಿಲ್ಲೆಗೇ ನೇರ ಗುರಿ ಇಟ್ಟರೆ ಅಷ್ಟೂ ಚರೆ ಹಿಂದಿನ ಖಾಲಿ ಗಾಳಿಗೆ. ಬಿಲ್ಲೆ ಇರುವ ಜಾಗಕ್ಕಲ್ಲ, ಬಿಲ್ಲೆ ಬರುವ ಜಾಗಕ್ಕೆ ಚರೆ ಕಳಿಸಬೇಕು.

ಹಾಗಂತ ಹೊಡೆಯುವಾಗ ಮೀಟರ್ ಅಳೆಯಲು ಆಗುತ್ತದಾ? ಆಗುವುದಿಲ್ಲ. ಅದಕ್ಕೆ ಇಂಗ್ಲೆಂಡಿನ ಕೋಚ್‌ಗಳು ಹೊಸಬರಿಗೆ ಒಂದು ಮಾತು ಹೇಳಿಕೊಡುತ್ತಾರೆ. "ಬಮ್, ಬೆಲ್ಲಿ, ಬೀಕ್, ಬ್ಯಾಂಗ್." ಬಿಲ್ಲೆಯನ್ನು ಹಕ್ಕಿ ಅಂತ ಅಂದುಕೊಳ್ಳಿ. ಕೋವಿ ಅದರ ಹಿಂದಿನಿಂದ ಬರಬೇಕು. ಬಾಲ ದಾಟಿ, ಹೊಟ್ಟೆ ದಾಟಿ, ಕೊಕ್ಕು ದಾಟಿದ ತಕ್ಷಣ ಎಳೆಯಬೇಕು. ಎಳೆದ ಮೇಲೂ ಕೋವಿ ಬೀಸುತ್ತಲೇ ಇರಬೇಕು. ಬಿಲ್ಲೆಗಿಂತ ವೇಗವಾಗಿ ಕೋವಿ ಹೋಗುತ್ತಿರುವುದರಿಂದ ಬೇಕಾದ ಅಂತರ ತಾನಾಗಿ ಸಿಗುತ್ತದೆ. ಕಣ್ಣು ಮಾತ್ರ ಬಿಲ್ಲೆಯ ಮುಂಭಾಗದ ಅಂಚನ್ನೇ ನೋಡುತ್ತಿರಬೇಕು. ಒಂದು ಕ್ಷಣ ಕಣ್ಣು ಮಣಿಗೆ ಹೋಯಿತೋ, ಕೈ ನಿಂತಿತು ಅಂತಲೇ ಅರ್ಥ. ಕ್ರಿಕೆಟ್‌ನಲ್ಲಿ ಕ್ಯಾಚ್ ಹಿಡಿಯುವವರು ತಮ್ಮ ಕೈ ನೋಡಿಕೊಳ್ಳುತ್ತಾರಾ? ಚೆಂಡು ನೋಡುತ್ತಾರೆ, ಕೈ ಹೋಗಿ ಸೇರುತ್ತದೆ. ಇದೂ ಅದೇ ಅಂದುಕೊಂಡಾಗ ನನಗೆ ವಿಷಯ ಮೈಗೆ ಇಳಿಯಿತು.

ಕೋಚ್ ಇನ್ನೊಂದು ಕೆಲಸ ಮಾಡಿಸಿದರು. ಕೋವಿ ಪಕ್ಕಕ್ಕಿಟ್ಟು, ಹಾರುವ ಬಿಲ್ಲೆಗಳನ್ನು ಬರೀ ತೋರುಬೆರಳಿನಿಂದ ಹಿಂಬಾಲಿಸಲು ಹೇಳಿದರು. ಬೆರಳು ಒಂದು ಸಲವೂ ತಪ್ಪಲಿಲ್ಲ! ಮೈಗೆ ಇದು ಗೊತ್ತೇ ಇದೆ. ಮತ್ತೆ ಕೋವಿ ಎತ್ತಿದೆ. ಯಂತ್ರದಿಂದ ಒಡೆಯುವ ಜಾಗದವರೆಗಿನ ದಾರಿಯಲ್ಲಿ ಮೂರರಲ್ಲಿ ಒಂದು ಭಾಗದಷ್ಟು ಮುಂದೆ ನಳಿಗೆ ಹಿಡಿದೆ. ಕಣ್ಣನ್ನು ಮಾತ್ರ ಯಂತ್ರದ ಕಡೆ ಕಳಿಸಿದೆ. ಕೂಗಿದೆ. ಬಿಲ್ಲೆಯ ಅಂಚು ಸ್ಪಷ್ಟವಾಗಿ ಕಂಡಿತು. ನಳಿಗೆ ಎಲ್ಲಿತ್ತು ಅಂತ ಈಗಲೂ ಹೇಳಲಾರೆ. ಬಿಲ್ಲೆ ಇದ್ದ ಜಾಗದಲ್ಲಿ ಕಪ್ಪು ಪುಡಿ ಹರಡಿತು. ನಾನು ಜೋರಾಗಿ ಕೂಗಿಬಿಟ್ಟೆ. ಆ ಖುಷಿ ಹೇಳಿ ಮುಗಿಯುವಂಥದ್ದಲ್ಲ.

ಅದಾದ ಮೇಲೆ ಎಲ್ಲ ಬಿಲ್ಲೆಯೂ ಒಡೆಯಿತು ಅಂತಲ್ಲ. ನಮ್ಮಿಂದ ದೂರಕ್ಕೆ ಹೋಗುವ ಬಿಲ್ಲೆ ಸುಲಭ, ಅಡ್ಡಕ್ಕೆ ಹೋಗುವುದು ಕಷ್ಟ. ನೆಲದ ಮೇಲೆ ಉರುಳಿಕೊಂಡು ಹೋಗುವ ದಪ್ಪ ಅಂಚಿನ ಬಿಲ್ಲೆಯೂ ಒಂದಿದೆ, ಅದಕ್ಕೆ ಮೊಲ ಅನ್ನುತ್ತಾರೆ. ಉಬ್ಬು ತಗ್ಗಿಗೆ ಜಿಗಿಯುತ್ತಾ ಓಡುವ ಅದು ಕಣ್ಣನ್ನು ಗಟ್ಟಿಯಾಗಿ ಹಿಡಿದಿಡುತ್ತದೆ. ನನಗೆ ತುಂಬಾ ಇಷ್ಟವಾದದ್ದು ಅದೇ. ಬೇಗ ಬೇಗ ಹೊಡೆದರೆ ತೋಳು ಸೋತು ಕೆನ್ನೆ ಮೇಲೇಳುತ್ತದೆ. ನಡುವೆ ಕೋವಿ ಮಡಚಿ ಕೆಳಗಿಟ್ಟು ಸುಧಾರಿಸಿಕೊಳ್ಳುವುದು ಒಳ್ಳೆಯದು. ಚರೆ ಸೀಸದ್ದಾದ್ದರಿಂದ ಏನಾದರೂ ತಿನ್ನುವ ಮುಂಚೆ ಸೋಪು ಹಾಕಿ ಕೈ ತೊಳೆಯಿರಿ.

ಭಾರತದಲ್ಲಿ ಇರುವವರಿಗೆ ದಾರಿ ಸ್ವಲ್ಪ ಉದ್ದ. ಆಯುಧ ಕಾಯ್ದೆ ಬಿಗಿಯಾಗಿದೆ, ತೋಟಾ ದುಬಾರಿ. ದೆಹಲಿಯ ತುಘಲಕಾಬಾದ್‌ನಲ್ಲಿರುವ ಕರ್ಣಿ ಸಿಂಗ್ ರೇಂಜ್ ಈ ಆಟದ ದೊಡ್ಡ ಜಾಗ. ಬಿಕಾನೇರಿನ ಕರ್ಣಿ ಸಿಂಗ್ 1962ರಲ್ಲಿ ಕೈರೋ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಟ್ರ್ಯಾಪ್ ಬೆಳ್ಳಿ ಗೆದ್ದವರು. ರಾಥೋಡ್ ಗೆದ್ದ ಡಬಲ್ ಟ್ರ್ಯಾಪ್ ಈಗ ಒಲಿಂಪಿಕ್ಸ್‌ನಲ್ಲಿ ಇಲ್ಲ, 2016ರ ರಿಯೋ ನಂತರ ಕೈಬಿಟ್ಟರು. ಹಾರುವ ಬಿಲ್ಲೆಗೆ ಹೊಡೆಯುವ ಬೇರೆ ಎರಡು ಸ್ಪರ್ಧೆ, ಟ್ರ್ಯಾಪ್ ಮತ್ತು ಸ್ಕೀಟ್, ಇವೆ. ಕೊಡಗಿನಲ್ಲಿ ಇಷ್ಟು ಕೋವಿ, ಇಷ್ಟು ಒಳ್ಳೆಯ ಗುರಿಕಾರರು ಇದ್ದಾರೆ. ತೆಂಗಿನಕಾಯಿ ಸ್ಪರ್ಧೆಯ ಜೊತೆಗೆ ಬಿಲ್ಲೆ ಎಸೆಯುವ ಒಂದು ಯಂತ್ರವನ್ನೂ ಮೈದಾನಕ್ಕೆ ತರಬೇಕು ಅಂತ ನನಗೆ ಬಲವಾಗಿ ಅನಿಸುತ್ತದೆ. ಸರಿಯಾದ ರೇಂಜ್, ಕಲಿತ ಕೋಚ್, ಕಾನೂನಿನ ಒಪ್ಪಿಗೆ ಎಲ್ಲ ಇದ್ದರೆ ಅಲ್ಲಿನ ಮಕ್ಕಳು ಮುಂದೆ ಬರುವುದರಲ್ಲಿ ಅನುಮಾನ ಇಲ್ಲ.

ನಾನು ಮುಂದೆ ಸ್ಕೀಟ್ ಕಲಿಯಬೇಕು ಅಂತಿದ್ದೇನೆ. ಎರಡು ಗೋಪುರಗಳಿಂದ, ಒಂದು ಎತ್ತರ, ಒಂದು ತಗ್ಗು, ಬಿಲ್ಲೆಗಳು ಎದುರುಬದುರಾಗಿ ಹಾರುತ್ತವೆ. ನಿಲ್ಲುವ ಜಾಗ ಬದಲಾದ ಹಾಗೆ ಕೋನವೂ ಬದಲಾಗುತ್ತದೆ. ಅಡ್ಡಕ್ಕೆ ಹೋಗುವ ಬಿಲ್ಲೆ ಅಲ್ಲಿ ಜಾಸ್ತಿ ಸಿಗುತ್ತದೆ, ನನಗೆ ಬೇಕಿರುವುದೂ ಅದೇ. ಈಗ ದಿನಾ ಸಂಜೆ ಬೆರಳಿನ ಅಭ್ಯಾಸ ಮಾಡುತ್ತಿದ್ದೇನೆ. ಹಿತ್ತಲಲ್ಲಿ ನಿಂತು ಹಾರುವ ಹಕ್ಕಿಗಳನ್ನು ತೋರುಬೆರಳಿನಿಂದ ಹಿಂಬಾಲಿಸುವುದು, ಕಣ್ಣು ಬೆರಳಿಗೆ ಬಂದರೆ ನಿಲ್ಲಿಸಿ ಮತ್ತೆ ಶುರು ಮಾಡುವುದು.