ಕಲ್ಲಿನ ಮೂರ್ತಿಯ ಸುತ್ತ ಕ್ಯಾಮೆರಾಗಳನ್ನು ಎಲ್ಲೆಲ್ಲಿ ನಿಲ್ಲಿಸಬೇಕು?

ಮೂರ್ತಿಯೊಂದನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಲು, ಅಂದರೆ ಸುತ್ತಲಿಂದ ತೆಗೆದ ಚಿತ್ರಗಳನ್ನು ತಂತ್ರಾಂಶದಲ್ಲಿ ಹೊಂದಿಸಿ ಅದರ ಮಾದರಿ ಕಟ್ಟಲು ಹೊರಟವರು ಸಾಮಾನ್ಯವಾಗಿ ಅದರ ಸುತ್ತ ಕ್ಯಾಮೆರಾಗಳನ್ನು ಬಳೆಯಂತೆ, ಸಮಾನ ಅಂತರದಲ್ಲಿ ಜೋಡಿಸಿ ಕೆಲಸ ಆರಂಭಿಸುತ್ತಾರೆ. ನೋಡಲು ಅಚ್ಚುಕಟ್ಟಾಗಿದ್ದರೂ ಈ ಕ್ರಮ ತಲೆಕೆಳಗಾದದ್ದು. ಮುಖ, ಎದೆ, ಕಿರೀಟದಂಥ ತೆರೆದ ಭಾಗಗಳು ಹೇಗೆ ನಿಲ್ಲಿಸಿದರೂ ದಕ್ಕುತ್ತವೆ. ಕಂಕುಳಿನ ಒಳಮೈ, ಬೆನ್ನಿಗೂ ಪ್ರಭಾವಳಿಗೂ ನಡುವಿನ ಸಂದು, ಮಡಿಸಿದ ಮೊಣಕಾಲಿನ ಕೆಳಗಿನ ಕತ್ತಲೆ ಮಾತ್ರ ದಕ್ಕುವುದಿಲ್ಲ. ಆದ್ದರಿಂದ ಮೊದಲು ಅತ್ಯಂತ ಕಷ್ಟದ ಸಂದನ್ನು ಹುಡುಕಿ, ಅದನ್ನು ಕಾಣಬಲ್ಲ ಜಾಗಗಳನ್ನು ಗುರುತಿಸಿಕೊಳ್ಳಬೇಕು. ಬಳೆ ಆಮೇಲಿನ ಮಾತು.

ಉದಾಹರಣೆಗೆ 1 ಮೀಟರ್ ಎತ್ತರದ, 35 ಸೆಂ.ಮೀ. ಆಳದ, ಪ್ರಭಾವಳಿ ಸಹಿತವಾದ ಒಂದು ಬಳಪದ ಕಲ್ಲಿನ ಮೂರ್ತಿಯನ್ನು ತೆಗೆದುಕೊಳ್ಳೋಣ. 12 ಮತ್ತು 13ನೆಯ ಶತಮಾನಗಳಲ್ಲಿ ಹೊಯ್ಸಳ ಶಿಲ್ಪಿಗಳು ಕೆತ್ತಿದ ಇಂಥ ಮೂರ್ತಿಗಳಲ್ಲಿ ಹಾರ, ತೋಳಬಂದಿಗಳು ಎಷ್ಟೋ ಕಡೆ ಮೈಯಿಂದ ಬಿಡಿಸಿಕೊಂಡೇ ನಿಂತಿರುತ್ತವೆ. ಕ್ಯಾಮೆರಾ 6000 × 4000 ಪಿಕ್ಸೆಲ್‌ನದು, ಒಂದು ಪಿಕ್ಸೆಲ್‌ನ ಅಗಲ 0.0039 ಮಿ.ಮೀ., ಲೆನ್ಸ್ 35 ಮಿ.ಮೀ.ನದು ಎಂದಿಟ್ಟುಕೊಂಡರೆ, 1.5 ಮೀಟರ್ ದೂರದಿಂದ ಒಂದು ಪಿಕ್ಸೆಲ್ ಕಲ್ಲಿನ ಮೇಲೆ ಸುಮಾರು 0.17 ಮಿ.ಮೀ.ನಷ್ಟನ್ನು ಆವರಿಸುತ್ತದೆ. ದೂರವನ್ನು ಪಿಕ್ಸೆಲ್‌ನ ಅಗಲದಿಂದ ಗುಣಿಸಿ ಲೆನ್ಸ್‌ನ ನಾಭಿದೂರದಿಂದ (ಇಲ್ಲಿ 35 ಮಿ.ಮೀ.) ಭಾಗಿಸಿದರೆ ಈ ಅಂಕಿ ಬರುತ್ತದೆ. ಒಂದು ಮಿಲಿಮೀಟರ್ ಅಗಲದ ಉಳಿಯ ಗೆರೆಯನ್ನು ಹಿಡಿಯಲು ಇಷ್ಟು ಸೂಕ್ಷ್ಮತೆ ಸಾಕು. ಇದೇ ದೂರದಲ್ಲಿ ಚಿತ್ರದ ಚೌಕಟ್ಟಿನೊಳಗೆ ಸುಮಾರು 1 ಮೀಟರ್ ಉದ್ದ, 67 ಸೆಂ.ಮೀ. ಅಗಲದ ಭಾಗ ಹಿಡಿಯುತ್ತದೆ. ಅಂದರೆ ಕ್ಯಾಮೆರಾವನ್ನು ಲಂಬವಾಗಿ ತಿರುಗಿಸಿದರೂ ಮೂರ್ತಿ ಅಂಚಿಗೆ ಅಂಚು ತಾಗಿಯೇ ನಿಲ್ಲುವುದರಿಂದ ಒಂದೇ ಎತ್ತರದ ಸಾಲು ಸಾಲುವುದಿಲ್ಲ.

ದೂರವನ್ನು ನಿಶ್ಚಯಿಸುವಾಗ ಫೋಕಸ್‌ನ ಆಳವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಮಸುಕನ್ನು ಎರಡು ಪಿಕ್ಸೆಲ್‌ಗೆ ಮಿತಿಗೊಳಿಸಿದರೆ ಎಫ್/8ರಲ್ಲಿ (ಎಫ್‌ನ ಮುಂದಿನ ಅಂಕಿ ಹೆಚ್ಚಿದಷ್ಟೂ ಲೆನ್ಸ್‌ನ ಬೆಳಕಿಂಡಿ ಕಿರಿದು) ಸ್ಪಷ್ಟವಾಗಿ ಮೂಡುವ ಆಳ ಸುಮಾರು 23 ಸೆಂ.ಮೀ., ಎಫ್/11ರಲ್ಲಿ ಸುಮಾರು 31 ಸೆಂ.ಮೀ. ನಮ್ಮ ಮೂರ್ತಿಗೆ ಎರಡನೆಯದು ಹೆಚ್ಚುಕಡಿಮೆ ಹೊಂದುತ್ತದೆ. ಇನ್ನಷ್ಟು ಆಳದ ಆಸೆಗೆ ಎಫ್/16ಕ್ಕೆ ಹೋದರೆ ಬೆಳಕಿನ ವಿವರ್ತನೆಯಿಂದ, ಅಂದರೆ ಕಿರಿದಾದ ಕಿಂಡಿ ದಾಟುವಾಗ ಬೆಳಕು ಹರಡಿಕೊಳ್ಳುವುದರಿಂದ, ಇಡೀ ಚಿತ್ರವೇ ಮೆತ್ತಗಾಗುತ್ತದೆ.

ಈಗ ಕ್ಯಾಮೆರಾಗಳ ನಡುವಿನ ಅಂತರಕ್ಕೆ ಬರೋಣ, ಏಕೆಂದರೆ ಹೆಚ್ಚಿನ ತಪ್ಪುಗಳು ನಡೆಯುವುದು ಇಲ್ಲಿಯೇ. ಕಲ್ಲಿನ ಮೇಲಿನ ಒಂದು ಬಿಂದುವನ್ನು ಎರಡು ಕ್ಯಾಮೆರಾಗಳು ನೋಡಿದಾಗ, ಅದರ ದೂರವನ್ನು ಅಳೆಯುವಲ್ಲಿ ಆಗುವ ದೋಷವು ಮೂರ್ತಿಗಿರುವ ದೂರವನ್ನು ಕ್ಯಾಮೆರಾಗಳ ನಡುವಿನ ಅಂತರದಿಂದ ಭಾಗಿಸಿದಷ್ಟು ಪಾಲು ಹಿಗ್ಗುತ್ತದೆ. 1.5 ಮೀಟರ್ ತ್ರಿಜ್ಯದ ವೃತ್ತದಲ್ಲಿ 5 ಡಿಗ್ರಿಗೊಂದರಂತೆ ನಿಲ್ಲಿಸಿದರೆ ಅಕ್ಕಪಕ್ಕದ ಕ್ಯಾಮೆರಾಗಳ ನಡುವೆ 13 ಸೆಂ.ಮೀ. ಉಳಿಯುತ್ತದೆ, ಬಿಂದುಗಳ ಹೊಂದಾಣಿಕೆಯಲ್ಲಿ ಅರ್ಧ ಪಿಕ್ಸೆಲ್ ತಪ್ಪಿದರೂ ಆಳದ ದೋಷ 1 ಮಿ.ಮೀ.ನ ಹತ್ತಿರ ಹೋಗುತ್ತದೆ. 15 ಡಿಗ್ರಿಗೆ ಏರಿಸಿದರೆ ಅಂತರ 39 ಸೆಂ.ಮೀ. ಆಗಿ, ದೋಷ ಸುಮಾರು 0.3 ಮಿ.ಮೀ.ಗೆ ಇಳಿಯುತ್ತದೆ. ಹಾಗೆಂದು ಅಂತರವನ್ನು ಬೆಳೆಸುತ್ತಲೇ ಹೋಗುವಂತಿಲ್ಲ: ಎರಡು ನೋಟಗಳ ನಡುವಿನ ಕೋನ 30 ಡಿಗ್ರಿ ದಾಟುತ್ತಿದ್ದಂತೆ, ಉಬ್ಬುತಗ್ಗಿನ ಕಲ್ಲಿನ ಮೇಲೆ ಇದೂ ಅದೂ ಒಂದೇ ಬಿಂದು ಎಂದು ತಂತ್ರಾಂಶಕ್ಕೆ ಗುರುತು ಹತ್ತುವುದೇ ಕಷ್ಟವಾಗುತ್ತದೆ. ಆದ್ದರಿಂದ ನೆರೆಯ ಕ್ಯಾಮೆರಾಗಳ ನಡುವೆ 15 ಡಿಗ್ರಿ ಇರಿಸಿ, ಪ್ರತಿ ಬಿಂದುವೂ ಸಾಲಾಗಿ ಕನಿಷ್ಠ ಮೂರು ಕ್ಯಾಮೆರಾಗಳಿಗೆ ಕಾಣುವಂತೆ ನೋಡಿಕೊಳ್ಳುವುದು ಒಳ್ಳೆಯದು. ಗುರುತು ಹಿಡಿಯುವ ಕೆಲಸ ನೆರೆಯವರದು, ಅಳತೆಯನ್ನು ಬಿಗಿಗೊಳಿಸುವ ಕೆಲಸ ತುದಿಯವರದು.

ಕಾಣುವುದು ಎಂದರೆ ಚೌಕಟ್ಟಿನೊಳಗೆ ಬೀಳುವುದಷ್ಟೇ ಅಲ್ಲ. ಮೇಲ್ಮೈಗೆ ಲಂಬವಾದ ಗೆರೆಯಿಂದ 60 ಡಿಗ್ರಿ ಓರೆಯಾಗಿ ನೋಡಿದಾಗ ಒಂದು ಪಿಕ್ಸೆಲ್ ಎರಡು ಪಟ್ಟು ಉದ್ದಕ್ಕೆ ಹರಡಿಕೊಳ್ಳುತ್ತದೆ. ಅದಕ್ಕಿಂತ ಓರೆಯಾದ ನೋಟವನ್ನು ಲೆಕ್ಕಕ್ಕೆ ಹಿಡಿಯಬಾರದು.

ಇಷ್ಟು ತಿಳಿದ ಮೇಲೆ ಜಾಗಗಳನ್ನು ಆರಿಸುವ ಕೆಲಸವನ್ನು ಕಂಪ್ಯೂಟರಿಗೆ ಒಪ್ಪಿಸಬಹುದು. ಮೊದಲು ಮೊಬೈಲಿನಲ್ಲಿಯೇ ಮೂವತ್ತು ನಲವತ್ತು ಚಿತ್ರ ತೆಗೆದು ಒಂದು ಒರಟು ಮಾದರಿ ಕಟ್ಟಿಕೊಳ್ಳಿ. ಅದರ ಮೇಲ್ಮೈಯನ್ನು ಕೆಲವು ಸಾವಿರ ತುಣುಕುಗಳಾಗಿ ಒಡೆದು, ಸುತ್ತಲೂ ಕ್ಯಾಮೆರಾ ನಿಲ್ಲಬಹುದಾದ ಇನ್ನೂರು ಮುನ್ನೂರು ಜಾಗಗಳನ್ನು ಗುರುತಿಸಿ, ಪ್ರತಿ ಜಾಗದಿಂದ ಯಾವ ಯಾವ ತುಣುಕುಗಳು ಅಡ್ಡಿಯಿಲ್ಲದೆ ಕಾಣುತ್ತವೆ ಎಂಬ ಕೋಷ್ಟಕವನ್ನು ಸಿದ್ಧಪಡಿಸಬೇಕು. ಉಚಿತವಾಗಿ ಸಿಗುವ ಬ್ಲೆಂಡರ್ ತಂತ್ರಾಂಶದಲ್ಲಿ ಒಂದು ಚಿಕ್ಕ ಸ್ಕ್ರಿಪ್ಟ್ ಬರೆದು, ಪ್ರತಿ ಜಾಗದಿಂದ ತುಣುಕುಗಳತ್ತ ಕಾಲ್ಪನಿಕ ಕಿರಣಗಳನ್ನು ಹಾಯಿಸಿದರೆ ಇದು ದೊರೆಯುತ್ತದೆ. ಒರಟು ಮಾದರಿಯಲ್ಲಿ ತೂತು ಬಿದ್ದಿರುವ ಕಡೆಗಳೇ ಕಷ್ಟದ ಸಂದುಗಳು. ಅವನ್ನು ಕೈಯಿಂದ ಮುಚ್ಚಿ, ಹೆಚ್ಚಿನ ತೂಕ ಕೊಡಿ. ಅನಂತರ ಹೊಸದಾಗಿ ಅತಿ ಹೆಚ್ಚು ತುಣುಕುಗಳನ್ನು ತುಂಬಿಕೊಡುವ ಜಾಗವನ್ನು ಒಂದೊಂದಾಗಿ ಆರಿಸುತ್ತ, ಪ್ರತಿ ತುಣುಕಿಗೂ ಮೂರು ನೋಟ ಸಿಗುವವರೆಗೆ ಮುಂದುವರಿಯಿರಿ.

ಇದು ಚಿತ್ರಶಾಲೆಯ ಎಲ್ಲ ಜಾಗವೂ ಕಾಣುವಂತೆ ಎಷ್ಟು ಕಾವಲುಗಾರರನ್ನು ನಿಲ್ಲಿಸಬೇಕು ಎಂಬ ಹಳೆಯ ಗಣಿತ ಸಮಸ್ಯೆಯ ನಂಟಿನದು. ಗಣಿತಜ್ಞ ವಿಕ್ಟರ್ ಕ್ಲೀ 1973ರಲ್ಲಿ ಕೇಳಿದ ಆ ಪ್ರಶ್ನೆಗೆ, ಎಷ್ಟು ಮೂಲೆಗಳಿವೆಯೋ ಅದರ ಮೂರನೆಯ ಒಂದು ಭಾಗದಷ್ಟು ಕಾವಲುಗಾರರು ಯಾವಾಗಲೂ ಸಾಕು ಎಂದು ವಾಸೆಕ್ ಖ್ವಾಟಲ್ 1975ರಲ್ಲಿ ಸಾಧಿಸಿದರು. ಒಂದೊಂದಾಗಿ ಆರಿಸುವ ವಿಧಾನಕ್ಕೂ ಇಂಥದೊಂದು ಭರವಸೆಯಿದೆ: ನಿಗದಿತ ಸಂಖ್ಯೆಯ ಕ್ಯಾಮೆರಾಗಳಿಂದ ಸಾಧ್ಯವಿರುವ ಅತ್ಯುತ್ತಮ ವ್ಯಾಪ್ತಿಯ 63 ಪ್ರತಿಶತಕ್ಕಿಂತ ಅದು ಕೆಳಗಿಳಿಯದು ಎಂದು 1978ರಲ್ಲಿ ತೋರಿಸಲಾಯಿತು. ಕೋನಗಳ ಷರತ್ತು ಸೇರಿದ ಕೂಡಲೇ ಆ ಭರವಸೆ ಕಟ್ಟುನಿಟ್ಟಾಗಿ ಉಳಿಯುವುದಿಲ್ಲವಾದರೂ ಫಲಿತಾಂಶ ಸಾಮಾನ್ಯವಾಗಿ ಸಮಬಳೆಗಿಂತ ಉತ್ತಮವಾಗಿಯೇ ಇರುತ್ತದೆ.

ಹಾಗೆ ಆರಿಸಿದಾಗ ಒಂದು ಕುತೂಹಲದ ಸಂಗತಿ ಕಂಡುಬರುತ್ತದೆ: ನೆಲದ ಹತ್ತಿರದಿಂದ ಮೇಲ್ಮುಖವಾಗಿ ನೋಡುವ ಜಾಗಗಳು ಬೇಗನೆ ಆಯ್ಕೆಯಾಗುತ್ತವೆ. ಗದ್ದದ ಕೆಳಗು, ತೋಳಿನ ಅಡಿಭಾಗ, ಪ್ರಭಾವಳಿಯ ಕಮಾನಿನ ಒಳಮೈ ಅಲ್ಲಿಂದ ಮಾತ್ರ ಕಾಣುತ್ತವೆ. ಬಾಗಲು ಸೋಮಾರಿತನ ಮಾಡುವ ಛಾಯಾಗ್ರಾಹಕನಿಗೆ ಈ ಜಾಗ ಎಂದೂ ತೋಚುವುದಿಲ್ಲ.

ಆರಿಸಿದ ಪ್ರತಿ ಜಾಗಕ್ಕೂ ಒಂದರಂತೆ ಕ್ಯಾಮೆರಾ ಕೊಳ್ಳುವ ಶಕ್ತಿ ಯಾರಿಗಿದೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಅಲುಗದ ವಸ್ತುವಿಗೆ ಅಷ್ಟು ಬೇಕಾಗಿಯೂ ಇಲ್ಲ. ಉಸಿರಾಡುವ ಮನುಷ್ಯನನ್ನು ಸ್ಕ್ಯಾನ್ ಮಾಡುವಾಗ ಮಾತ್ರ ಎಲ್ಲವೂ ಒಂದೇ ಕ್ಷಣಕ್ಕೆ ಕ್ಲಿಕ್ ಆಗಬೇಕು. ಮೂರ್ತಿಗಾದರೆ ಒಂದು ಗಟ್ಟಿ ಕಂಬಕ್ಕೆ ನಾಲ್ಕು ಕ್ಯಾಮೆರಾ ಬಿಗಿದು, ಅದನ್ನು ಸುತ್ತಲೂ 24 ಜಾಗಗಳಿಗೆ ಸರಿಸಿದರೆ 96 ನೋಟಗಳು ಸಿಗುತ್ತವೆ. ಕಂಬದ ಮೇಲಿನ ಕ್ಯಾಮೆರಾಗಳ ಪರಸ್ಪರ ಅಂತರ ಬದಲಾಗದಿರುವುದರಿಂದ ಅದನ್ನೇ ಲೆಕ್ಕಕ್ಕೆ ಸೇರಿಸಿ ಅಳತೆಯನ್ನು ಇನ್ನಷ್ಟು ಬಿಗಿಗೊಳಿಸಬಹುದು. ಪಟ್ಟೆ ಬೆಳಕು ಚೆಲ್ಲುವ ಸ್ಕ್ಯಾನರ್‌ಗಳನ್ನು ಬಳಸುವವರು ಮಾತ್ರ ಒಂದರ ಪಟ್ಟೆ ಇನ್ನೊಂದರ ಮೇಲೆ ಬೀಳದಂತೆ ಸರದಿಯ ಮೇಲೆ ಹೊತ್ತಿಸಬೇಕು.

ವೀರಗಲ್ಲಿನಂಥ ಚಪ್ಪಟೆ ಕಲ್ಲಿಗೆ ಲೆಕ್ಕ ಬೇರೆ. ಒಮ್ಮೆ ನಾನು ಕಂಬವನ್ನು ಕಲ್ಲಿಗೆ ಸಮಾಂತರವಾಗಿ ಸರಿಸುತ್ತ, ಎಲ್ಲ ಕ್ಯಾಮೆರಾಗಳೂ ನೇರ ನೋಡುವಂತೆ ಚಿತ್ರ ತೆಗೆದಿದ್ದೆ. ಮಾದರಿ ಸೊಗಸಾಗಿಯೇ ಬಂದಿತ್ತು. ಕಲ್ಲಿನ ಮೇಲೆ ಅಲ್ಯೂಮಿನಿಯಂ ಪಟ್ಟಿಯನ್ನಿಟ್ಟು ಹೋಲಿಸಿದಾಗ ಮಾದರಿಯ ನಡುಭಾಗ ತಟ್ಟೆಯ ಬೆನ್ನಿನಂತೆ ಉಬ್ಬಿರುವುದು ಗೊತ್ತಾಯಿತು. ಲೆನ್ಸ್‌ನ ವಕ್ರತೆಯನ್ನು ಅಂದಾಜಿಸುವಲ್ಲಿ ಉಳಿದ ಚಿಕ್ಕ ದೋಷವು ಸಮಾಂತರ ನೋಟಗಳಲ್ಲಿ ಹೀಗೆ ಗುಡ್ಡವಾಗಿ ಮೇಲೇಳುತ್ತದೆ. ಎಡಕ್ಕೂ ಬಲಕ್ಕೂ 20 ಡಿಗ್ರಿ ಓರೆಯಾದ ಒಂದೊಂದು ಸಾಲನ್ನು ಸೇರಿಸಿದ್ದರೆ ಅದು ಬಹುಮಟ್ಟಿಗೆ ತಪ್ಪುತ್ತಿತ್ತು.

ಇಂಥ ಮೋಸ ಬಯಲಾಗಬೇಕಾದರೆ ಉದ್ದ ಗೊತ್ತಿರುವ ಎರಡು ಅಳತೆಪಟ್ಟಿಗಳನ್ನು ಮೂರ್ತಿಯ ಪಕ್ಕದಲ್ಲಿಡಿ. ಒಂದನ್ನು ಲೆಕ್ಕಕ್ಕೆ ಕೊಟ್ಟು, ಇನ್ನೊಂದನ್ನು ಪರೀಕ್ಷೆಗೆ ಮೀಸಲಿಡಿ. ಸಂರಕ್ಷಿತ ಸ್ಮಾರಕಗಳಲ್ಲಿ ಕಂಬ, ಟ್ರೈಪಾಡ್‌ಗಳನ್ನು ಊರಲು ಪುರಾತತ್ತ್ವ ಇಲಾಖೆಯ ಅನುಮತಿಯನ್ನು ಮುಂಚಿತವಾಗಿ ಪಡೆದಿರಬೇಕು. ಅನುಮತಿ ಒಂದೇ ದಿನದ್ದಾಗಿದ್ದರಂತೂ, ಕಡಿಮೆ ಗುಣಮಟ್ಟದ ಮಾದರಿಯೊಂದನ್ನು ಲ್ಯಾಪ್‌ಟಾಪಿನಲ್ಲಿ ಅಲ್ಲಿಯೇ ಕಟ್ಟಿ, ಕಂಕುಳಿನ ಒಳಗೂ ಪ್ರಭಾವಳಿಯ ಹಿಂದೂ ತಿರುಗಿಸಿ ನೋಡುವವರೆಗೆ ಕಂಬವನ್ನು ಬಿಚ್ಚಬೇಡಿ, ನೆಲದ ಮೇಲಿನ ಸೀಮೆಸುಣ್ಣದ ಗುರುತುಗಳನ್ನೂ ಒರೆಸಬೇಡಿ.